ನನ್ನನ್ನು ಕಾದವರಿಗೆ

ಕಳೆದ ಗುರುವಾರ ಮಧ್ಯಾಹ್ನ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟಿನಲ್ಲಿ ಜಡ್ಜ್ ತಮ್ಮ ಕುರ್ಚಿ ಬಿಟ್ಟು ಕೆಳಗಿಳಿದು ಬಂದು ನನ್ನ ಕೈ ಕುಲುಕಿದರು. ಹತ್ತೊಂಬತ್ತು ತಿಂಗಳ ಹಿಂದೆ ಅದೇ ಕೋಣೆಯಲ್ಲಿ, ಅವರ ಮುಂದೆಯೇ ನಾನು ತಲೆ ತಗ್ಗಿಸಿ ನಿಂತಿದ್ದೆ. ಕುಡಿದು ಕಾರು ಓಡಿಸಿ ಎರಡನೇ ಸಲ ಸಿಕ್ಕಿಬಿದ್ದಿದ್ದೆ. ಈಗ ಡಿಯುಐ ಕೋರ್ಟ್, ಅಂದರೆ ಕುಡಿದು ಓಡಿಸಿದವರಿಗೆ ಚಿಕಿತ್ಸೆ ಕೊಡಿಸಿ ನಿಗಾ ಇಡುವ ಕೋರ್ಟಿನ ಕಾರ್ಯಕ್ರಮ, ಮುಗಿಸಿದ್ದೇನೆ. ಕುಡಿತ ಬಿಟ್ಟು ಹದಿನೈದು ತಿಂಗಳಾಯಿತು. ಇಲ್ಲಿನ ಕನ್ನಡದವರಲ್ಲಿ ಕೆಲವರಿಗೆ ಇದು ಗೊತ್ತಿದೆ. ಇನ್ನು ಕೆಲವರು ಅವರಿವರ ಬಾಯಿಂದ ಕೇಳಿದ್ದೀರಿ. ನಾನೇ ಹೇಳಬೇಕು, ಥ್ಯಾಂಕ್ಸ್ ಹೇಳಬೇಕಾದವರಿಗೆ ಹೇಳಬೇಕು ಅನ್ನಿಸಿತು.

ಮೊದಲು ಆ ರಾತ್ರಿ ನನ್ನ ಕಾರು ನಿಲ್ಲಿಸಿದ ಪೊಲೀಸ್ ಅಧಿಕಾರಿಗೆ. ನನ್ನ ಆಫೀಸು ಬೇ ಏರಿಯಾದಲ್ಲಿ. ಮನೆ ಗುಡ್ಡ ದಾಟಿ ಒಳಗೆ, ಸೆಂಟ್ರಲ್ ವ್ಯಾಲಿ ಕಡೆ. ದಿನಾ ಎರಡು ಗಂಟೆ ಹೋಗೋದು, ಎರಡು ಗಂಟೆ ಬರೋದು. ಅವತ್ತು ಪಾರ್ಟಿ ಮುಗಿಸಿ ಬರುತ್ತಿದ್ದೆ. ಆತ ಟಾರ್ಚ್ ಬಿಟ್ಟು ಹಿಂದಿನ ಸೀಟು ನೋಡಿದರು. ಅಲ್ಲಿ ಮಗಳ ಕಾರ್ ಸೀಟು ಖಾಲಿ ಇತ್ತು. "ಮಗು ಮನೆಯಲ್ಲಿದೆ ತಾನೇ?" ಅಂತ ಕೇಳಿದರು. ಬೈಗುಳ ಆಗಿದ್ದರೆ ಮರೆತುಬಿಡುತ್ತಿದ್ದೆ. ಆ ಪ್ರಶ್ನೆ ಮರೆಯಲು ಆಗಲಿಲ್ಲ. ಇಲ್ಲಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್. ನನ್ನದು 170 ಇತ್ತು. ನಮ್ಮೂರಲ್ಲಿ ಮಿತಿ ಇನ್ನೂ ಕಡಿಮೆ, 30. ಆತ ನಿಲ್ಲಿಸದೇ ಇದ್ದಿದ್ದರೆ ಮುಂದಿನ ನಲವತ್ತು ಮೈಲಿಯಲ್ಲಿ ಏನಾಗುತ್ತಿತ್ತೋ. 2023ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಕುಡಿದು ಓಡಿಸಿದವರಿಂದಾದ ಅಪಘಾತಗಳಲ್ಲಿ 12,429 ಜನ ಸತ್ತರು. ನನ್ನಿಂದ ಯಾರೂ ಸಾಯಲಿಲ್ಲ. ಅದು ನನ್ನ ಜಾಣತನವಲ್ಲ.

ಈ ಕೋರ್ಟ್ ಏನು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. 1989ರಲ್ಲಿ ಮಯಾಮಿಯಲ್ಲಿ ಡ್ರಗ್ಸ್ ಕೇಸುಗಳಿಗಾಗಿ ಇಂಥ ಕೋರ್ಟ್ ಶುರುವಾಯಿತು. ಜೈಲಿಗೆ ಹೋಗಿ ಬಂದವರೇ ಮತ್ತೆ ಮತ್ತೆ ಬರುತ್ತಿದ್ದರು. ಹಾಗಾದರೆ ಚಟಕ್ಕೇ ಚಿಕಿತ್ಸೆ ಕೊಡಿಸೋಣ, ಕೋರ್ಟೇ ಹಿಂದೆ ನಿಂತು ನೋಡಿಕೊಳ್ಳಲಿ ಅನ್ನುವ ಯೋಚನೆ ಅದು. ಆಮೇಲೆ ಕುಡಿದು ಓಡಿಸುವವರಿಗೂ ಹೀಗೇ ಮಾಡಿದರು. ನ್ಯೂ ಮೆಕ್ಸಿಕೋದ ಲಾಸ್ ಕ್ರೂಸೆಸ್‌ನಲ್ಲಿ 1995ರಲ್ಲಿ ಶುರುವಾದದ್ದು ಅಂಥ ಮೊದಮೊದಲ ಕೋರ್ಟುಗಳಲ್ಲಿ ಒಂದು. ಮಾಮೂಲಿ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಒಂದು ಕಡೆ, ನಮ್ಮ ವಕೀಲರು ಇನ್ನೊಂದು ಕಡೆ. ಇಲ್ಲಿ ಅವರಿಬ್ಬರೂ, ಜಡ್ಜ್, ಜೈಲಿನ ಹೊರಗೆ ನಮ್ಮ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿ, ಕೌನ್ಸೆಲರ್ ಎಲ್ಲರೂ ವಿಚಾರಣೆಗೆ ಮೊದಲೇ ಒಂದು ಮೇಜಿನ ಸುತ್ತ ಕೂರುತ್ತಾರೆ. ಈ ವಾರ ಇವನು ಹೇಗಿದ್ದಾನೆ, ನಿದ್ದೆ ಬರುತ್ತಿದೆಯಾ, ಮನೆಯಲ್ಲಿ ಜಗಳ ಇದೆಯಾ ಅಂತ ಒಬ್ಬೊಬ್ಬರ ಬಗ್ಗೆಯೂ ಮಾತಾಡುತ್ತಾರೆ. ನನ್ನ ಬಗ್ಗೆ ಅಷ್ಟು ಜನ ಒಟ್ಟಿಗೆ ಕೂತು ಯೋಚಿಸಿದ್ದು ನನ್ನ ಮದುವೆ ಮಾತುಕತೆ ಬಿಟ್ಟರೆ ಇದೇ ಇರಬೇಕು.

ಸುಲಭವೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಒಂದು ನಂಬರಿಗೆ ಫೋನ್ ಮಾಡಬೇಕು. ಅವತ್ತಿನ ಬಣ್ಣ ಯಾವುದು ಅಂತ ರೆಕಾರ್ಡಿಂಗ್ ಹೇಳುತ್ತದೆ. ನನ್ನ ಬಣ್ಣ ಹಸಿರು. ಹಸಿರು ಅಂದರೆ ಅವತ್ತೇ ಹೋಗಿ ಮೂತ್ರ ಪರೀಕ್ಷೆಗೆ ಕೊಡಬೇಕು, ಅದೂ ಒಬ್ಬರು ನಿಂತು ನೋಡುತ್ತಿರುವಾಗ. ಎರಡು ಮೂರು ದಿನದ ಹಿಂದೆ ಕುಡಿದಿದ್ದರೂ ಅದರಲ್ಲಿ ಗೊತ್ತಾಗುತ್ತದೆ. ಮೊದಮೊದಲು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದೆ. ಆಮೇಲೆ ಅರ್ಥವಾಯಿತು: ಸಂಜೆ ಏಳಕ್ಕೆ ಮನಸ್ಸು ಎಳೆಯುವಾಗ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ನಾಳೆ ಹಸಿರು ಬರಬಹುದು ಅನ್ನುವುದೊಂದೇ.

ಪ್ರೊಬೇಷನ್ ಅಧಿಕಾರಿ ಮೇಡಂ ಬಗ್ಗೆ ಒಂದು ಮಾತು ಹೇಳಲೇಬೇಕು. ಊರಿಂದ ಬಂದವರ ಕೈಯಲ್ಲಿ ಅಮ್ಮ ದಶಮೂಲಾರಿಷ್ಟ ಕಳಿಸಿದ್ದರು. ಅಮ್ಮನಿಗೆ ಆಗ ವಿಷಯ ಗೊತ್ತಿರಲಿಲ್ಲ. ಮಗ ಫೋನಿನಲ್ಲಿ ಸೊರಗಿದಂತೆ ಕಾಣುತ್ತಾನೆ ಅಂತ ಕಳಿಸಿದ್ದು. ಅರಿಷ್ಟಗಳಲ್ಲಿ ತಾನಾಗಿ ಹುದುಗಿ ಬಂದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೆಯೇ ಬರೆದಿರುತ್ತದೆ. ಸುಮ್ನೆ ಚರಂಡಿಗೆ ಸುರಿಯಬಹುದಿತ್ತು. ಅಮ್ಮನ ಕೈಯಿಂದ ಬಂದದ್ದು, ಮನಸ್ಸು ಬರಲಿಲ್ಲ. ಮುಚ್ಚಳ ತೆಗೆಯದೆ ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಅವರು ಚೀಟಿ ಪೂರ್ತಿ ಓದಿ, ಇದು ಯಾವ ಬೇರು, ಯಾಕೆ ಕುಡಿಯುತ್ತಾರೆ ಅಂತ ಕೇಳಿ, ಕೊನೆಗೆ ಹೇಳಿದರು: "ಅಮ್ಮನಿಗೆ ನಿಜ ಹೇಳಿ. ಅವರೂ ನಿಮ್ಮ ಟೀಮಿಗೆ ಸೇರಲಿ." ಅವತ್ತು ರಾತ್ರಿಯೇ ಅರಸೀಕೆರೆಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಮಾಡಿದ್ಯೇನಪ್ಪಾ?" ಅಂದರು. ಅಲ್ಲಿಂದ ಇಲ್ಲಿವರೆಗೆ ದಿನಾ ಇಲ್ಲಿಯ ಆರು ಗಂಟೆಗೆ, ಅಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ, "ಇವತ್ತು ಯಾವ ಬಣ್ಣನೋ?" ಅಂತ ಮೆಸೇಜ್ ಬರುತ್ತದೆ.

ನಾಲ್ಕನೇ ತಿಂಗಳಲ್ಲಿ ಜಾರಿದೆ. ಒಂದು ಶನಿವಾರ, ಒಬ್ಬನೇ ಇದ್ದಾಗ. ಸೋಮವಾರ ಕೋರ್ಟಿಗೆ ಹೋಗಿ ಕೇಳುವ ಮೊದಲೇ ಹೇಳಿದೆ. ಮೂರು ವಾರಾಂತ್ಯ ಪಾರ್ಕ್ ಗುಡಿಸುವ ಕೆಲಸ ಕೊಟ್ಟರು, ಮತ್ತೆ ವಾರವಾರ ಹಾಜರಾಗಲು ಹೇಳಿದರು. ಜಡ್ಜ್ ಹೇಳಿದ್ದು ಇಷ್ಟೇ: ಕುಡಿದದ್ದಕ್ಕೆ ಚಿಕಿತ್ಸೆ ಜಾಸ್ತಿ ಮಾಡುತ್ತೇನೆ, ಸುಳ್ಳು ಹೇಳಿದ್ದರೆ ಜೈಲಿಗೆ ಕಳಿಸುತ್ತಿದ್ದೆ. ನನ್ನ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ನನ್ನ ಜೊತೆ ಸೇರಿದವರಲ್ಲಿ ಒಬ್ಬ ಹುಡುಗ ಇದೇ ಹಂತದಲ್ಲಿ ಬರುವುದನ್ನೇ ನಿಲ್ಲಿಸಿದ. ಅವನ ಹೆಸರು ಕೂಗಿದಾಗ ಯಾರೂ ಎದ್ದು ನಿಲ್ಲದ ಆ ಗಳಿಗೆ ಈಗಲೂ ನೆನಪಾಗುತ್ತದೆ. ಅವನು ಎಲ್ಲೇ ಇರಲಿ, ವಾಪಸ್ ಬರಲಿ.

ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿ ಒಬ್ಬ ತಾಯಿಯ ಮಾತು ಕೇಳಿಸಿದರು. ಕುಡಿದ ಡ್ರೈವರ್ ಒಬ್ಬನಿಂದ ಅವರ ಮಗ ಸತ್ತಿದ್ದ. ಅವರು ಬೈಯಲಿಲ್ಲ. ಫೋನ್ ಬಂದಾಗ ಮಗನ ಬಟ್ಟೆ ಮಡಚುತ್ತಿದ್ದೆ, ಆಮೇಲೂ ಉಳಿದ ಬಟ್ಟೆ ಮಡಚಿ ಮುಗಿಸಿದೆ, ಯಾಕೆ ಅಂತ ಗೊತ್ತಿಲ್ಲ ಅಂದರು. ಅವರಿಗೆ ಥ್ಯಾಂಕ್ಸ್ ಅನ್ನುವ ಪದ ಸಣ್ಣದಾಗುತ್ತದೆ. ಆ ಅಮ್ಮ ಯಾಕೆ ನಮ್ಮಂಥವರ ಮುಂದೆ ಬಂದು ನಿಂತರು ಅಂತ ಇನ್ನೂ ಯೋಚಿಸುತ್ತೇನೆ.

ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಅಲ್ಲಿ ನನಗೆ ಜೊತೆಯಾಗಿ ದಾರಿ ತೋರಿಸುವ ಹಳಬರು, ಅಂದರೆ ನನ್ನ ಸ್ಪಾನ್ಸರ್, ರಿಟೈರ್ ಆದ ಲಾರಿ ಡ್ರೈವರ್. ಕುಡಿತ ಬಿಟ್ಟು ಮೂವತ್ತೊಂದು ವರ್ಷವಾಗಿದೆ. ನನ್ನ ಭಾಷೆ, ಊಟ, ದೇವರು ಯಾವುದೂ ಅವರದ್ದಲ್ಲ. ಆದರೂ ಎಷ್ಟೇ ಹೊತ್ತಿಗೆ ಫೋನ್ ಮಾಡಿದರೂ ಎತ್ತಿದ್ದಾರೆ. ಲೈಸೆನ್ಸ್ ಇಲ್ಲದ ತಿಂಗಳುಗಳಲ್ಲಿ ನನ್ನನ್ನು ಕೋರ್ಟಿಗೆ, ಕ್ಲಾಸಿಗೆ ಕರೆದುಕೊಂಡು ಹೋದವರು ಪಕ್ಕದ ಬೀದಿಯ ಹಾಸನದ ಅಂಕಲ್. ದಾರಿಯಲ್ಲಿ ಒಂದು ದಿನವೂ ಬುದ್ಧಿವಾದ ಹೇಳಲಿಲ್ಲ. ಹಾಸನದ ಮಳೆ, ಆಲೂಗಡ್ಡೆ ರೇಟು, ಇಷ್ಟೇ ಮಾತು. ಅಂಕಲ್, ಆ ಮಾತುಗಳು ನನಗೆ ಎಷ್ಟು ಬೇಕಾಗಿದ್ದವು ಅಂತ ನಿಮಗೆ ಗೊತ್ತಿತ್ತು, ಅಲ್ವಾ? ಯುಗಾದಿ ಊಟದ ದಿನ ನನ್ನ ಕೈಗೆ ಏನೂ ಕೇಳದೆ ಪಾನಕದ ಲೋಟ ಕೊಟ್ಟ ಗೆಳೆಯರಿಗೂ ಥ್ಯಾಂಕ್ಸ್.

ನನ್ನ ಹೆಂಡತಿಗೆ. ನಮ್ಮ ಭಾಷೆಯಲ್ಲಿ ಹೊಲ ಕಾಯುವುದಕ್ಕೂ ಕಾಯುವುದು ಅಂತೀವಿ, ದಾರಿ ಕಾಯುವುದಕ್ಕೂ ಕಾಯುವುದು ಅಂತೀವಿ. ಕೋರ್ಟಿನವರು ಮೊದಲನೆಯದನ್ನು ಮಾಡಿದರು. ನೀನು ಎರಡನ್ನೂ ಮಾಡಿದೆ, ಕೆಲಸಕ್ಕೆ ಹೋಗುತ್ತಾ, ಮಗಳನ್ನು ನೋಡಿಕೊಳ್ಳುತ್ತಾ. ಮಗಳೇ, ಕಾರು ಸ್ಟಾರ್ಟ್ ಮಾಡುವ ಮೊದಲು ಅಪ್ಪ ಆ ಮೆಷಿನ್ನಿಗೆ ಊದಬೇಕು, ಕುಡಿದಿದ್ದರೆ ಅದು ಕಾರು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಆಗೆಲ್ಲ ಹಿಂದಿನ ಸೀಟಿನಿಂದ ನೀನು ಒಂದು, ಎರಡು, ಮೂರು ಅಂತ ಎಣಿಸುತ್ತೀಯ. ಮೆಷಿನ್ ಇನ್ನೂ ಕೆಲವು ತಿಂಗಳು ಇರುತ್ತದೆ. ಎಣಿಸುತ್ತಿರು.

ಕರ್ನಾಟಕದಲ್ಲಿರುವ ಗೆಳೆಯರು ಇಂಥದ್ದು ನಮ್ಮಲ್ಲಿ ಇದೆಯಾ ಅಂತ ಕೇಳಿದರು. ಕುಡಿದು ಓಡಿಸಿ ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಕಾನೂನು ಹೇಳುತ್ತದೆ. ದಂಡ ಕಟ್ಟಿಸಿಕೊಂಡವರು ಯಾಕೆ ಕುಡಿಯುತ್ತೀಯ ಅಂತ ಕೇಳುವುದಿಲ್ಲ. ಆದರೆ ಕೇಳುವವರು ಅಲ್ಲೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆಗೇ ಒಂದು ವಿಭಾಗ ಇದೆ. ಎಎ ಮೀಟಿಂಗುಗಳೂ ನಡೆಯುತ್ತವೆ. ಸಿಕ್ಕಿಬೀಳುವವರೆಗೆ ಕಾಯಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ, ಅಥವಾ ನಿಮಗೇ, ಮಾತಾಡಬೇಕು ಅನ್ನಿಸಿದರೆ ನನಗೆ ಮೆಸೇಜ್ ಮಾಡಿ. ಹೆಸರು ಹೇಳದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಆರಕ್ಕೆ ನಾನು ಎದ್ದಿರುತ್ತೇನೆ.