ಮೂರು ಚಂದ್ರರ ಟ್ರ್ಯಾಕ್: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೋದ ಸಲ ಕಳಿಸಿದ ಟ್ರ್ಯಾಕ್ ಕೇಳಿ "ಎಲ್ಲಾ ವಾದ್ಯಗಳೂ ಒಟ್ಟಿಗೆ ಕೂಗ್ತಿವೆ, ಆಕಾಶ ಎಲ್ಲಿದೆ?" ಅಂತ ಕೇಳಿದ್ದೆಯಲ್ಲ, ಆ ಮಾತು ತಲೆಯಲ್ಲೇ ಕೂತುಬಿಟ್ಟಿತ್ತು. ನೀನು ಹೇಳಿದ್ದು ಸರಿ. ಬಾಹ್ಯಾಕಾಶ ಅಂದ ಕೂಡಲೇ ಹಾರ್ನ್, ಡ್ರಮ್, ಕೋರಸ್ ಎಲ್ಲವನ್ನೂ ತಂದು ಸುರಿದಿದ್ದೆ.

ಈ ಸಲ ಗುರುಗ್ರಹದ ಮೂರು ಚಂದ್ರರನ್ನು ಹಿಡಿದುಕೊಂಡಿದ್ದೇನೆ. ಅಯೋ, ಯುರೋಪಾ, ಗ್ಯಾನಿಮೀಡ್. ಗೆಲಿಲಿಯೋ 1610ರಲ್ಲೇ ದೂರದರ್ಶಕದಲ್ಲಿ ಕಂಡ ಚಂದ್ರರು. ಗ್ಯಾನಿಮೀಡ್ ಸುಮಾರು 7 ದಿನಕ್ಕೆ ಒಂದು ಸುತ್ತು ಹಾಕುವಷ್ಟರಲ್ಲಿ ಯುರೋಪಾ 2 ಸುತ್ತು, ಅಯೋ 4 ಸುತ್ತು ಮುಗಿಸಿರುತ್ತವೆ. ಕರ್ನಾಟಕ ಸಂಗೀತದಲ್ಲಿ ವೇಗ ಇಮ್ಮಡಿಯಾಗುತ್ತಾ ಹೋಗುವ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ, ಥೇಟ್ ಅದೇ ಲೆಕ್ಕ ಅಲ್ವಾ! ಆದರೆ ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಈ ಮೂರೂ ಯಾವತ್ತೂ ಗುರುವಿನ ಒಂದೇ ಬದಿಯಲ್ಲಿ ಸಾಲಾಗಿ ನಿಲ್ಲುವುದಿಲ್ಲ. ಯುರೋಪಾ, ಗ್ಯಾನಿಮೀಡ್ ಜೊತೆಯಾದ ಹೊತ್ತಿಗೆ ಅಯೋ ಆಚೆ ಬದಿಯಲ್ಲಿರುತ್ತದೆ.

ಅದನ್ನೇ ಹಾಗೇ ಬರೆದೆ. ಗ್ಯಾನಿಮೀಡ್ ಆಗಿ ಡಬಲ್ ಬಾಸ್‌ಗೆ 16 ಬಾರ್‌ಗಳ (ತಾಳದ ಆವರ್ತನಗಳ ಹಾಗೆ) ಸಾಲು, ಯುರೋಪಾ ಆಗಿ ಚೆಲ್ಲೊಗೆ 8, ಅಯೋ ಆಗಿ ಸಿಂಥ್‌ಗೆ (ಸಿಂಥಸೈಸರ್) 4. ಸಿಂಥ್ ಮಾತ್ರ 2 ಬಾರ್ ತಡವಾಗಿ ಶುರುವಾಗುತ್ತದೆ, ಹಾಗಾಗಿ ಎಷ್ಟು ಹೊತ್ತು ನುಡಿದರೂ ಮೂರೂ ಸಾಲುಗಳು ಒಂದೇ ಬಾರ್‌ನಲ್ಲಿ ಶುರುವಾಗುವುದೇ ಇಲ್ಲ. ಕೇಳುವವರಿಗೆ ಕಾರಣ ಗೊತ್ತಾಗದೇ ಇರಬಹುದು, ಆದರೆ ಏನೋ ಕೂಡಿ ಬರಲಿಲ್ಲ ಅನ್ನೋ ತಳಮಳ ಉಳಿಯುತ್ತದೆ. ನನಗೆ ಬೇಕಾಗಿದ್ದೂ ಅದೇ. ಗುರು ಮತ್ತು ಉಳಿದ ಚಂದ್ರರ ಗುರುತ್ವದ ಎಳೆದಾಟಕ್ಕೇ ಅಯೋ ಒಳಗೊಳಗೇ ಕಾದು ಜ್ವಾಲಾಮುಖಿಯಾಗಿ ಉಕ್ಕುತ್ತದೆ, ಅದಕ್ಕೆ ಮಂಕಾದ ದನಿ ತೀಕ್ಷ್ಣವಾಗುವ ಹಾಗೆ ಸಿಂಥ್‌ನ ಫಿಲ್ಟರ್ ನಿಧಾನವಾಗಿ ತೆರೆದು, ತುದಿಯಲ್ಲಿ ಸ್ವಲ್ಪ ಒಡಕು ದನಿ ಇಟ್ಟಿದ್ದೇನೆ.

ಚೆಲ್ಲೊ ಮಾತ್ರ ತುಂಬಾ ಸತಾಯಿಸಿತು. ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಚೆಲ್ಲೊ ದನಿ) ಚೆನ್ನಾಗಿದೆ, ಆದರೆ ಸುಮ್ನೆ ನೋಟ್ ಹಾಕಿದರೆ ಉಸಿರೇ ಇರುವುದಿಲ್ಲ. ಕೊನೆಗೆ ಒಂದೊಂದು ಸ್ವರಕ್ಕೂ ಕೀಬೋರ್ಡಿನ ಮಾಡ್ಯುಲೇಷನ್ ವ್ಹೀಲನ್ನು (ದನಿಯ ಏರಿಳಿತ ಹಿಡಿಯುವ ಚಕ್ರ) ಬೆರಳಲ್ಲಿ ಮೆಲ್ಲಗೆ ಮೇಲೆತ್ತಿ, ಸ್ವರ ಮುಗಿಯುವ ಮುಂಚೆಯೇ ಇಳಿಸುತ್ತಾ ರೆಕಾರ್ಡ್ ಮಾಡಿದೆ. ಎಂಟು ಬಾರ್‌ಗೆ ಒಂದು ಇಡೀ ಸಂಜೆ ಹೋಯಿತು.

ಇದರೊಳಗೆ ಒಂದು ಕಥೆಯೂ ಇದೆ. ಯುರೋಪಾದ ಮಂಜುಗಡ್ಡೆಯ ಮೇಲೆ ಒಬ್ಬಳೇ ಇರುವ ಒಬ್ಬಾಕೆ ಭೂಮಿಗೆ ಸಂದೇಶ ಕಳಿಸುತ್ತಾಳೆ. ಅದು ಬಂದು ಮುಟ್ಟೋಕೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು, ಉತ್ತರ ಬರೋಕೆ ಮತ್ತಷ್ಟೇ. ಅವಳ ಪ್ರಶ್ನೆ ಚೆಲ್ಲೊದಲ್ಲಿದೆ. ಉತ್ತರ ಫ್ರೆಂಚ್ ಹಾರ್ನ್‌ನಲ್ಲಿ, ತುಂಬಾ ರಿವರ್ಬ್ (ಅನುರಣನ) ಹಾಕಿ ದೂರದಿಂದ ಬರುವ ಹಾಗೆ. ಆದರೆ ಅದು ಬರುವ ಹೊತ್ತಿಗೆ ಚೆಲ್ಲೊ ಆಗಲೇ ಬೇರೆ ಪ್ರಶ್ನೆ ಕೇಳುತ್ತಿರುತ್ತದೆ.

ಹಾರ್ನ್ ಬರುವ ಮುಂಚೆ ಡಬಲ್ ಬಾಸ್ ಒಂದೇ ಉಳಿಯುತ್ತದೆ, ಹೆಚ್ಚು ಕಡಿಮೆ 40 ಸೆಕೆಂಡ್. ಕತ್ತರಿಸೋಕೆ ಕೈ ಬರ್ತಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅಲ್ಲಿ ನಿನ್ನ ಮನಸ್ಸು ಬೇರೆ ಕಡೆ ಹೋಯಿತಾ ಅಂತ ಮಾತ್ರ ಹೇಳು.