ಮೊದಲ ದೋಣಿ ಮಾಡಿಸುವವರಿಗೆ: ಬುಕಿಂಗ್ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘದ ಶೆಡ್‌ನಲ್ಲಿ ಫೈಬರ್ ದೋಣಿ ಮಾಡಿಸುವವರು ಉದ್ದ ಎಷ್ಟು ಅಡಿ, ಇಂಜಿನ್ ಎಷ್ಟು ಅಶ್ವಶಕ್ತಿ ಎಂದು ತಿಳಿಸಿ ಮುಂಗಡ ಕೊಟ್ಟರೆ ಇದುವರೆಗೆ ಸಾಕಾಗುತ್ತಿತ್ತು. ಬರುವ ಆಗಸ್ಟ್ 1ರಿಂದ, ಮೊದಲ ಬಾರಿಗೆ ಸ್ವಂತ ದೋಣಿ ಮಾಡಿಸುವವರು ನಮ್ಮ ಮಾದರಿ ದೋಣಿಯಲ್ಲಿ ಭಾರ ಹೇರಿ ಓಡಿಸಿ ನೋಡಿದ ನಂತರವೇ ಅವರಿಂದ ಮುಂಗಡ ಪಡೆಯಲಾಗುವುದು. ಇದಕ್ಕೆ ಶುಲ್ಕವಿಲ್ಲ, ದೋಣಿಯ ದರವೂ ಬದಲಾಗಿಲ್ಲ.

ಹೊಸಬರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ವೇಗವನ್ನು. ಆದರೆ ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಭಾಗ 24 ಅಡಿಯಿದ್ದರೆ ಆ ಮಿತಿ ಸುಮಾರು ಆರೂವರೆ ನಾಟ್, ಅಂದರೆ ಗಂಟೆಗೆ 12 ಕಿ.ಮೀ. ಅದನ್ನು ಮೀರಬೇಕಾದರೆ ದೋಣಿ ನೀರಿನ ಮೇಲೆ ಎದ್ದು ಓಡಬೇಕು. ಅದಕ್ಕೆ ದೊಡ್ಡ ಇಂಜಿನ್ ಮಾತ್ರವಲ್ಲ, ಹಗುರವಾದ ಮೈಯೂ ಬೇಕು. ಬೆಳಿಗ್ಗೆ ಒಣ ಬಲೆಯೊಂದಿಗೆ ಹಾಗೆ ಓಡಿದ ದೋಣಿಯೇ ಒದ್ದೆ ಬಲೆ, ಐಸ್, ಬಂಗುಡೆಯ ಪೆಟ್ಟಿಗೆಗಳನ್ನು ಹೊತ್ತು ಮರಳುವಾಗ ಏಳಲಾರದೆ, ಹಿಂಬದಿ ಕುಸಿದು, ಮೂತಿ ಮೇಲಾಗಿ, ವೇಗವಿಲ್ಲದೆ ಇಂಧನ ಸುಡುತ್ತದೆ. ಹತ್ತು ಕಿ.ಮೀ. ದೂರಕ್ಕೆ 12ರ ವೇಗದಲ್ಲಿ 50 ನಿಮಿಷ, 18ರ ವೇಗದಲ್ಲಿ 33 ನಿಮಿಷ ಹಿಡಿಯುತ್ತದೆ. ಹದಿನೇಳು ನಿಮಿಷದ ಉಳಿತಾಯಕ್ಕಾಗಿ ಸಾಲದ ಕಂತನ್ನೂ ದಿನದ ಇಂಧನ ಖರ್ಚನ್ನೂ ಹೆಚ್ಚಿಸಿಕೊಳ್ಳುವುದು ದಂಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೀನು ಕೆಡದಂತೆ ಕಾಯುವುದು ವೇಗವಲ್ಲ, ಸಾಕಷ್ಟು ಐಸ್.

ದೊಡ್ಡ ಇಂಜಿನ್ ಬೇಡವೆನ್ನಲು ಇನ್ನೊಂದು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ನಮ್ಮ ಕರಾವಳಿಯಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಇಂಜಿನ್‌ಗಳಿಗೆ ಅನ್ವಯಿಸುತ್ತದೆ. 9.9 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್) ಇರುವ ನಾಡದೋಣಿ ಮಳೆಗಾಲದಲ್ಲಿ ಕಡಲು ಶಾಂತವಾದ ದಿನ ಇಳಿಯಬಹುದು; 25ರ ಇಂಜಿನ್ ಹಾಕಿದ ದೋಣಿ ದಡದಲ್ಲೇ ಉಳಿಯಬೇಕು.

ಗಾತ್ರದ ವಿಚಾರದಲ್ಲಿ ಉದ್ದಕ್ಕಿಂತ ಅಗಲಕ್ಕೆ ಗಮನ ಕೊಡಿ ಎಂಬುದು ನಮ್ಮ ಕೋರಿಕೆ. ಬಲೆ ಎಳೆಯುವಾಗ ಇಬ್ಬರು ಒಂದೇ ಬದಿಗೆ ನಿಲ್ಲುತ್ತಾರೆ, ಬಲೆಯ ಭಾರವೂ ಅದೇ ಬದಿಗೆ ಬೀಳುತ್ತದೆ; ಕಿರಿದಾದ ದೋಣಿ ಆಗ ಅಂಚಿನವರೆಗೆ ವಾಲುತ್ತದೆ. ಆದ್ದರಿಂದಲೇ ಪರೀಕ್ಷೆಯ ದಿನ ಹೊಳೆಯಲ್ಲಿ ಬಲೆ ಮತ್ತು ಮೀನಿನ ತೂಕಕ್ಕೆ ಸಮನಾಗಿ ಮರಳಿನ ಚೀಲಗಳನ್ನು ಇಟ್ಟು, ಇಬ್ಬರನ್ನು ಒಂದು ಬದಿಗೆ ನಿಲ್ಲಿಸಿ, ಅಂಚಿಗೂ ನೀರಿಗೂ ಎಷ್ಟು ಅಂತರ ಉಳಿಯಿತೆಂದು ನಿಮ್ಮೆದುರೇ ಅಳೆಯುತ್ತೇವೆ. ನಿಮ್ಮೊಂದಿಗೆ ಕಡಲಿಗೆ ಬರುವವರನ್ನೂ ಕರೆತನ್ನಿ.

ಮೂರು ಜನ ದಡದ ಸಮೀಪ ಬೀಡುಬಲೆ (ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬಲೆ) ಬಿಟ್ಟು ಅದೇ ದಿನ ಮರಳುವುದಾದರೆ, ಅಗಲವಾದ 26 ಅಡಿಯ ದೋಣಿಗೆ 9.9ರ ಇಂಜಿನ್ ಸಾಕೆಂದು ನಾವು ಸಲಹೆ ಕೊಡುತ್ತೇವೆ. ಅಂಜಲ್ ಮೀನು ಅರಸಿ ದೂರ ಹೋಗುವವರಿಗೆ, ಅಥವಾ ಗಂಗೊಳ್ಳಿಯಂತಹ ಅಳಿವೆಯನ್ನು (ಹೊಳೆ ಕಡಲು ಸೇರುವ ಜಾಗ) ದೊಡ್ಡ ದೋಣಿ ತುಂಬ ಭಾರ ಹೇರಿಕೊಂಡು ದಾಟುವವರಿಗೆ, ಅಲೆಯೊಂದಿಗೆ ಹೆಜ್ಜೆ ಹಾಕಲು ಹೆಚ್ಚಿನ ಶಕ್ತಿ ಬೇಕೇ ಬೇಕು. ಅಂಥವರಿಗೆ 25ರ ಇಂಜಿನ್ ಕೂರಿಸುತ್ತೇವೆ, ಆದರೆ ಹಿಂಬದಿಯ ಹಲಗೆಯನ್ನು ಅದಕ್ಕೆ ತಕ್ಕಂತೆ ದಪ್ಪ ಮಾಡಿದ ದೋಣಿಗೆ ಮಾತ್ರ.

ಈಗಾಗಲೇ ಮುಂಗಡ ಕೊಟ್ಟವರ ಬುಕಿಂಗ್ ಹಾಗೆಯೇ ಇರುತ್ತದೆ. ಅಚ್ಚಿನಲ್ಲಿ ಕೆಲಸ ಆರಂಭವಾಗುವ ಮೊದಲು ತಿಳಿಸಿದರೆ ಅವರೂ ಪರೀಕ್ಷೆ ಮಾಡಿಕೊಂಡು ಅಳತೆ ಅಥವಾ ಇಂಜಿನ್ ಬದಲಿಸಿಕೊಳ್ಳಬಹುದು. ದಿನ ನಿಗದಿಪಡಿಸಲು ಶೆಡ್‌ನ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ