ಮಗಳಿಗೊಂದು ಪತ್ರ: ಗೆರೆ ಎಳೆದು ಯಾರ ಹೆಸರು ಬರೆಯಲಿ?

ಪುಟ್ಟಿ,

ನಿಮ್ಮ ಶಾಲೆಯ ಗೋಡೆಗೆ ನಾನು ಬರೆಯಬೇಕಾದ ನುಡಿಮುತ್ತುಗಳು ಅಂತ ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಟ್ಟಿ ತಲುಪಿತು. ಫೋನಿನಲ್ಲೇ ಮಾತಾಡೋಣ ಅಂತಿದ್ದೆ. ಆದರೆ ನಿಮ್ಮೂರಲ್ಲಿ ನೀರಿನ ಟ್ಯಾಂಕ್ ಪಕ್ಕ ನಿಂತರೆ ಮಾತ್ರ ಸಿಗ್ನಲ್ ಅಂತೀಯ. ಅರ್ಧ ಮಾತು ಕೇಳಿ ಅರ್ಧ ಬಿಡುವ ವಿಷಯ ಇದಲ್ಲ. ಅದಕ್ಕೇ ಕಾಗದ ಪೆನ್ನು ಹಿಡಿದು ಕೂತಿದ್ದೇನೆ.

ಮೊದಲಿಗೆ, ಬಂದೇ ಬರುತ್ತೇನೆ. ದಸರಾ ರಜೆಯ ಕೊನೆಯ ವಾರ ಸರಿಹೋಗುತ್ತೆ. ಅಷ್ಟರಲ್ಲಿ ಗೋಡೆ ಚೆನ್ನಾಗಿ ಒಣಗಿರಲಿ. ಹಸಿ ಗೋಡೆಗೆ ಎನಾಮಲ್ ಪೇಂಟ್ ಹಚ್ಚಿದರೆ ಎರಡೇ ತಿಂಗಳಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ನಿಮ್ಮ ಶಾಲೆಯಿಂದ ನನಗೆ ಕೂಲಿ ಬೇಡ. ಮಗಳಿಗೆ ಸರ್ಕಾರಿ ಕೆಲಸ ಸಿಕ್ಕಿದೆ, ಲಿಂಗಸುಗೂರು ತಾಲ್ಲೂಕಿನ ಮಕ್ಕಳು ಅವಳನ್ನು 'ಅಕ್ಕೋರೇ' ಅಂತ ಕರೀತಾರೆ ಅಂತ ಇಲ್ಲಿ ತಿಪಟೂರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೇನೆ. ಅದೇ ಸಾಕು.

ಈಗ ಪಟ್ಟಿಗೆ ಬರೋಣ. ಹತ್ತು ನುಡಿಮುತ್ತು ಕಳಿಸಿದ್ದೀಯ. ಅದರಲ್ಲಿ ಕೆಲವನ್ನು ನೀನು ಬರೆದ ಹಾಗೆಯೇ ಬರೆಯಲು ನನ್ನ ಕೈ ಬರುವುದಿಲ್ಲ. ಮಾತು ಚೆನ್ನಾಗಿಯೇ ಇದೆ. ತಕರಾರು ಇರುವುದು ಕೆಳಗೆ ಗೆರೆ ಎಳೆದು ಬರೆಯುವ ಹೆಸರಿನದು.

ಮೊದಲನೆಯದನ್ನೇ ತಗೋ. 'ಕಾಯಕವೇ ಕೈಲಾಸ – ಬಸವಣ್ಣ'. ಇದನ್ನು ನಾನೇ ಎಷ್ಟು ಗೋಡೆಗಳ ಮೇಲೆ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಶಾಲೆ, ಸೊಸೈಟಿ, ಹಾಲಿನ ಡೇರಿ, ಒಂದು ಸಲ ಗ್ಯಾರೇಜ್ ಶಟರ್ ಮೇಲೆ ಕೂಡ. ನೀನು ಹುಟ್ಟುವ ಮುಂಚಿನ ಮಾತು. ಒಂದು ಶಾಲೆಯ ಕಾಂಪೌಂಡಿಗೆ ಇದನ್ನೇ ಬರೆಯುತ್ತಿದ್ದೆ. ರಿಟೈರ್ ಆದ ಕನ್ನಡ ಮೇಷ್ಟ್ರೊಬ್ಬರು ಕೊಡೆ ಹಿಡಿದುಕೊಂಡು ಏಣಿಯ ಕೆಳಗೆ ಬಂದು ನಿಂತರು. ಮಾತಿಲ್ಲ ಕತೆಯಿಲ್ಲ. ನಾನು 'ಣ್ಣ' ಮುಗಿಸಿ ಕೆಳಗಿಳಿದ ಮೇಲೆ, "ಇದು ಬಸವಣ್ಣನವರ ಮಾತು ಅಂತ ಯಾರಪ್ಪ ಹೇಳಿದ್ದು?" ಅಂದರು. "ಮೊದಲೇ ಹೇಳಬಾರದಿತ್ತಾ ಸಾರ್?" ಅಂದೆ. "ಣ ಒತ್ತು ಚೆಂದ ತಿರುಗಿಸ್ತಿದ್ದೆ, ನೋಡ್ತಾ ನಿಂತುಬಿಟ್ಟೆ" ಅಂದರು.

ಮನೆಗೆ ಕರೆದುಕೊಂಡು ಹೋಗಿ ಪುಸ್ತಕ ತೆಗೆದು ತೋರಿಸಿದರು. ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿರುವಾಗ ಗುರು ಎದುರಿಗೆ ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ಹಂಗು ಹರಿಯಬೇಕು, ಯಾಕೆಂದರೆ 'ಕಾಯಕವೆ ಕೈಲಾಸ' ಅನ್ನುತ್ತಾನೆ. ಕೊನೆಗೆ ಅಂಕಿತ: ಅಮರೇಶ್ವರಲಿಂಗ. ಬಸವಣ್ಣನವರದಾಗಿದ್ದರೆ ಕೂಡಲಸಂಗಮದೇವ ಇರಬೇಕಿತ್ತು.

ಅವತ್ತು ನನಗೆ ಹೊಳೆದದ್ದು ಇದು. ನಾವು ಗೆರೆ ಎಳೆದು ಹೆಸರನ್ನು ಹೊರಗೆ ಬರೆಯುತ್ತೇವೆ. ಹಾಗಾಗಿ ಅದು ಕಳಚಿಕೊಳ್ಳುತ್ತೆ, ಬೇರೆಯದು ಅಂಟಿಕೊಳ್ಳುತ್ತೆ. 12ನೇ ಶತಮಾನದ ಶರಣರು ಅಂಕಿತವನ್ನು ಮಾತಿನ ಒಳಗೇ ಹೊಲಿದಿಟ್ಟಿದ್ದರು. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ನಾವೇ ವಚನದಿಂದ ಎರಡು ಪದ ಕತ್ತರಿಸಿಕೊಂಡು, ಅಂಕಿತ ಎಸೆದು, ಎಲ್ಲರಿಗೂ ಗೊತ್ತಿರುವ ಹೆಸರು ಅಂಟಿಸಿದ್ದು. ಮಾರನೇ ದಿನ ಹೆಡ್‌ಮಾಸ್ಟರ್ ಹತ್ತಿರ ಹೋಗಿ ತಿದ್ದುತ್ತೇನೆ ಅಂದೆ. "ಮಾರಯ್ಯ ಯಾರಿಗೆ ಗೊತ್ತು? ಹಾಗೇ ಬಿಡಿ" ಅಂದರು. ಆ ಗೋಡೆ ಈಗಲೂ ಹಾಗೇ ಇದೆ. ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ನಾನು ಇನ್ನೊಂದು ಕಿಟಕಿ ಕಡೆ ನೋಡುತ್ತೇನೆ.

ನಿನಗೆ ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಮಾರಯ್ಯ ನಿಮ್ಮ ತಾಲ್ಲೂಕಿನವನೇ ಕಣೇ! ಅಮರೇಶ್ವರ ಲಿಂಗಸುಗೂರಿಗೇ ಸೇರಿದ್ದಲ್ವಾ? ಅಲ್ಲಿಂದ ಕಲ್ಯಾಣಕ್ಕೆ ಹೋಗಿ, ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಹೆಂಡತಿ ಲಕ್ಕಮ್ಮ. ಒಂದು ದಿನ ಮಾರಯ್ಯ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದನಂತೆ. ಲಕ್ಕಮ್ಮ ಅದನ್ನು ಒಳಗೆ ತಗೊಳ್ಳಲಿಲ್ಲ. 'ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?' ಅಂತ ಶುರು ಮಾಡಿ, 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಅಂದುಬಿಟ್ಟಳು. ಹೋಗಿ ವಾಪಸ್ ಸುರಿದು ಬಾ ಅಂತ ಕಳಿಸಿದಳು ಅಂತ ಕತೆ. ಇವಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರನ್ನು ಅಂಕಿತದಲ್ಲಿ ಇಟ್ಟುಕೊಂಡೇ ಗಂಡನಿಗೆ ಬುದ್ಧಿ ಹೇಳಿದವಳು. ನಿಮ್ಮಮ್ಮ ಈ ಸಾಲು ಕೇಳಿ, "ಇದನ್ನು ನಮ್ಮನೆ ಗೋಡೆಗೂ ಬರೀರಿ" ಅಂದಳು.

ಇರಲಿ. ಮುಂದಿನದು ಗಾಂಧೀಜಿ. 'ಜಗತ್ತಿನಲ್ಲಿ ನೀವು ಬಯಸುವ ಬದಲಾವಣೆ ನೀವೇ ಆಗಿ.' ಈ ಮಾತನ್ನು ಹೀಗೇ ಅವರು ಎಲ್ಲೂ ಬರೆದಿಲ್ಲ. ಹತ್ತಿರದ್ದು ಒಂದಿದೆ. 1913ರಲ್ಲಿ, ಇನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದಾಗ, ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಬರೆದದ್ದು. ನಾವು ಬದಲಾದರೆ ಜಗತ್ತಿನ ರೀತಿಯೂ ಬದಲಾಗುತ್ತೆ, ಬೇರೆಯವರು ಏನು ಮಾಡುತ್ತಾರೆ ಅಂತ ಕಾಯುತ್ತ ಕೂರಬೇಕಿಲ್ಲ ಅಂತ ಅದರ ಸಾರ. ಆ ಲೇಖನ ಯಾವುದರ ಬಗ್ಗೆ ಗೊತ್ತಾ? ಹಾವು ಕಚ್ಚುವುದರ ಬಗ್ಗೆ! ಆರೋಗ್ಯದ ಕುರಿತು ಒಂದು ಲೇಖನಮಾಲೆ ಬರೆಯುತ್ತಿದ್ದರು. ಹಾವಿನ ಮೇಲೆ ನಮಗೆ ದ್ವೇಷ ಇಲ್ಲದಿದ್ದರೆ ಅದಕ್ಕೂ ನಮ್ಮ ಮೇಲೆ ಇರುವುದಿಲ್ಲ ಅನ್ನುವ ದಾರಿಯಲ್ಲಿ ಹೊರಟು ಅಲ್ಲಿಗೆ ತಲುಪುತ್ತಾರೆ. ನಿಮ್ಮ ಶಾಲೆಯ ಹಿಂದಿನ ಬೇಲಿಯಲ್ಲಿ ಹಾವು ಹರಿದಾಡುತ್ತೆ ಅಂದಿದ್ದೆಯಲ್ಲ, ಈ ಸಲಹೆಯನ್ನು ಮಾತ್ರ ನಂಬಬೇಡ. ಆಸ್ಪತ್ರೆಗೇ ಹೋಗಬೇಕು.

ಗಾಂಧೀಜಿಯದು ಒಂದು ಬೇಕೇ ಬೇಕು ಅಂದರೆ 'ನನ್ನ ಬದುಕೇ ನನ್ನ ಸಂದೇಶ' ಬರೆಯೋಣ. 1947ರ ಸೆಪ್ಟೆಂಬರಿನಲ್ಲಿ, ಕಲ್ಕತ್ತಾದ ಗಲಭೆ ತಣ್ಣಗಾದ ಮೇಲೆ, ಸಂದೇಶ ಕೇಳಿದವರಿಗೆ ಬಂಗಾಳಿಯಲ್ಲಿ ಬರೆದುಕೊಟ್ಟದ್ದು. ನಾಲ್ಕೇ ಪದ. ಬಾಗಿಲ ಮೇಲಿನ ಪಟ್ಟಿಯಲ್ಲೂ ಹಿಡಿಸುತ್ತೆ.

ಐನ್‌ಸ್ಟೈನ್ ಮತ್ತು ಮರ ಹತ್ತುವ ಮೀನು ಬೇಡ. ಮರ ಹತ್ತುವುದರಿಂದ ಮೀನನ್ನು ಅಳೆದರೆ ಅದು ತಾನು ದಡ್ಡ ಅಂತಲೇ ನಂಬಿ ಬದುಕುತ್ತೆ ಅನ್ನುವ ಮಾತು ಅದು. 1955ರಲ್ಲಿ ತೀರಿಕೊಂಡ ಮನುಷ್ಯ. ಅವರು ಬರೆದದ್ದರಲ್ಲಾಗಲಿ ಆಡಿದ್ದರಲ್ಲಾಗಲಿ ಈ ಮೀನು ಎಲ್ಲೂ ಸಿಕ್ಕಿಲ್ಲ. ನಿನಗೆ ಮೀನು ಇಷ್ಟ ಅಂದರೆ ಹೆಸರಿಲ್ಲದೆ ಬರೆದು, ಪಕ್ಕದಲ್ಲಿ ಒಂದು ಮೀನಿನ ಚಿತ್ರ ಬಿಡಿಸುತ್ತೇನೆ. ಮಕ್ಕಳಿಗೆ ಅದೇ ಖುಷಿ.

ಮಂಡೇಲಾ ಸರಿ ಇದೆ. ಶಿಕ್ಷಣ ಅತ್ಯಂತ ಬಲವಾದ ಆಯುಧ ಅನ್ನುವುದನ್ನು 2003ರಲ್ಲಿ ಜೋಹಾನ್ಸ್‌ಬರ್ಗ್‌ನ ಭಾಷಣದಲ್ಲಿ ಹೇಳಿದ್ದಾರೆ. ಶಾಸ್ತ್ರಿಯವರ 'ಜೈ ಜವಾನ್ ಜೈ ಕಿಸಾನ್' 1965ರದು, ಅದಕ್ಕೂ ಅನುಮಾನವಿಲ್ಲ.

ಅಂಬೇಡ್ಕರ್ ಅವರದನ್ನು 'ಶಿಕ್ಷಣ, ಸಂಘಟನೆ, ಹೋರಾಟ' ಅಂತ ಬರೆದಿದ್ದೀಯ. ನಾನೂ ಎಲ್ಲ ಕಡೆ ಹಾಗೇ ಬರೆದವನು. ಆದರೆ 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಅವರು ಹೇಳಿದ ಕ್ರಮ ಬೇರೆ. ಮೊದಲು ಶಿಕ್ಷಣ, ಆಮೇಲೆ ಹೋರಾಟ, ಕೊನೆಗೆ ಸಂಘಟನೆ. ಅದಕ್ಕೆ ಅಂಟಿಕೊಂಡೇ ಇನ್ನೊಂದು ಮಾತಿತ್ತು: ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ. ಗೋಡೆಯಲ್ಲಿ ಜಾಗ ಸಾಲದು ಅಂತಲೋ ಏನೋ, ಅದನ್ನು ಯಾರೂ ಬರೆಸುವುದೇ ಇಲ್ಲ. ನಿಮ್ಮ ಗೋಡೆ ಉದ್ದವಾಗಿದೆಯಲ್ಲ, ನಾವು ಬರೆಯೋಣ.

ತಿಲಕರ 'ಸ್ವರಾಜ್ಯ ನನ್ನ ಜನ್ಮಸಿದ್ಧ ಹಕ್ಕು' ಇರಲಿ. ಅವರು ಹೋಂ ರೂಲ್ ಲೀಗ್ ಶುರು ಮಾಡಿದ್ದು ನಮ್ಮ ಬೆಳಗಾವಿಯಲ್ಲೇ, 1916ರ ಏಪ್ರಿಲಿನಲ್ಲಿ. ಬೆಳಗಾವಿಯಲ್ಲೂ ಅಹಮದ್‌ನಗರದಲ್ಲೂ ಮಾಡಿದ ಭಾಷಣಗಳಿಗಾಗಿ ಸರ್ಕಾರ ಕೇಸು ಹಾಕಿತು. ಹೈಕೋರ್ಟಿನಲ್ಲಿ ಅವರ ಪರ ವಾದಿಸಿ ಗೆದ್ದ ವಕೀಲರು ಜಿನ್ನಾ. ಮಕ್ಕಳಿಗೆ ಇದನ್ನು ಹೇಳು, ಕಣ್ಣರಳಿಸುತ್ತಾರೆ. ನನಗೆ ಮಾತ್ರ ತಿಲಕರ ಇನ್ನೊಂದು ಮಾತಿನ ಮೇಲೆ ಪ್ರೀತಿ. 1908ರಲ್ಲಿ ಬಾಂಬೆ ಹೈಕೋರ್ಟಿನ ಜ್ಯೂರಿ ಅವರನ್ನು ತಪ್ಪಿತಸ್ಥ ಅಂದಾಗ, ಜ್ಯೂರಿ ಏನೇ ಹೇಳಲಿ ನಾನು ನಿರಪರಾಧಿ ಅಂತಲೇ ಹೇಳುತ್ತೇನೆ ಅಂದರು. ಆರು ವರ್ಷ ಮಂಡಾಲೆ ಜೈಲಿಗೆ ಹೋದರು. 1956ರಲ್ಲಿ ಅದೇ ಕೋರ್ಟಿನಲ್ಲಿ, ಅದೇ ವಿಚಾರಣೆ ನಡೆದ ಕೋಣೆಯ ಹೊರಗೆ, ಆ ಮಾತುಗಳನ್ನೇ ಕೆತ್ತಿಸಿ ಹಾಕಿದರು. ಜೈಲಿಗೆ ಕಳಿಸಿದ ಜಾಗವೇ ಕೈದಿಯ ಮಾತನ್ನು ಗೋಡೆಗೆ ಹಾಕಿಕೊಂಡಿದೆ. ನನ್ನ ಕಸುಬಿನವನಿಗೆ ಅದೊಂದನ್ನು ಕಣ್ಣಾರೆ ನೋಡುವ ಆಸೆ.

ಆರ್ಮ್‌ಸ್ಟ್ರಾಂಗ್ ಅಂದರೆ ನನ್ನ ಹಳೇ ಗಾಯ ನೆನಪಾಗುತ್ತೆ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟು ಹೇಳಿದ ಮಾತಿನಲ್ಲಿ 'ಒಬ್ಬ ಮನುಷ್ಯನಿಗೆ ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ಜಿಗಿತ' ಅನ್ನಬೇಕಿತ್ತು. ಆ 'ಒಬ್ಬ' ಅನ್ನುವ ಸಣ್ಣ ಪದ ರೇಡಿಯೋದಲ್ಲಿ ಕೇಳಲೇ ಇಲ್ಲ. ಅದಿಲ್ಲದೆ ಇಂಗ್ಲಿಷಿನಲ್ಲಿ ಮನುಷ್ಯ ಅಂದರೂ ಮನುಕುಲ ಅಂದರೂ ಒಂದೇ ಆಗಿ ಮಾತು ಕೆಡುತ್ತೆ. ನಾನು ಹೇಳಲು ಹೊರಟಿದ್ದು ಹಾಗೇ ಅಂತ ಅವರು ಆಮೇಲೆ ಹೇಳುತ್ತಲೇ ಇದ್ದರು. ನಾನೂ ಒಂದು ಊರಿನಲ್ಲಿ 'ಮಕ್ಕಳೇ ದೇಶದ ಆಸ್ತಿ' ಅಂತ ಬರೆಯಲು ಹೊರಟು 'ಮಕ್ಕಳೇ ದೇಶದ ಅಸ್ಥಿ' ಅಂತ ಬರೆದಿದ್ದೆ. ಎರಡು ದಿನ ಯಾರೂ ನೋಡಲಿಲ್ಲ. ಮೂರನೇ ದಿನ ಊರೇ ನೋಡಿತು. ನೀನು ಕನ್ನಡದಲ್ಲಿ 'ಒಬ್ಬ' ಸೇರಿಸಿಯೇ ಕಳಿಸಿದ್ದೀಯ. ಹಾಗೇ ಇರಲಿ, ಪಾಪ.

ಸರ್ವಜ್ಞನದು 'ಸರ್ವಜ್ಞನೆಂಬುವನು ಗರ್ವದಿಂದಾದವನೆ' ಆರಿಸಿದ್ದು ಒಳ್ಳೇದಾಯಿತು. ಇಲ್ಲಿ ತಮಾಷೆ ಉಲ್ಟಾ. ಕೊನೆಯಲ್ಲಿ 'ಸರ್ವಜ್ಞ' ಅಂತ ಹಾಕಿದರೆ ಮುಗೀತು, ಆಮೇಲಿನವರು ಯಾರೋ ಕಟ್ಟಿದ ತ್ರಿಪದಿಯೂ ಅವನ ಲೆಕ್ಕಕ್ಕೆ ಜಮಾ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪುಸ್ತಕ ಮಾಡಿದರು, ಅದು ಬೇರೆಯದೇ ಸಾಹಸ. ಸರ್ವರಿಂದ ಒಂದೊಂದು ನುಡಿ ಕಲಿತೆ ಅಂದವನಿಗೆ ಸರ್ವರೂ ಒಂದೊಂದು ನುಡಿ ವಾಪಸ್ ಕೊಟ್ಟರು ಅಂದುಕೊಳ್ಳೋಣ.

ಉಳಿದದ್ದು ಚೆನ್ನಮ್ಮ. ನಿನಗೆ ಬೇಜಾರಾಗುತ್ತೆ ಅಂತಲೇ ಕೊನೆಗಿಟ್ಟೆ. ಮೂರನೇ ಕ್ಲಾಸಿನಲ್ಲಿ ನೀನು ಏಕಪಾತ್ರಾಭಿನಯ ಮಾಡಿದಾಗ ರಟ್ಟಿನ ಕತ್ತಿಗೆ ನಾನೇ ಬೆಳ್ಳಿ ಬಣ್ಣ ಬಳಿದಿದ್ದೆ. ಇನ್ನೂ ಹಸಿ ಇತ್ತು. 'ನಿಮಗೇಕೆ ಕೊಡಬೇಕು ಕಪ್ಪ!' ಅಂತ ಕತ್ತಿ ಬೀಸಿದೆ, ಅಮ್ಮನ ಮದುವೆ ಸೀರೆಯ ಸೆರಗೆಲ್ಲ ಬೆಳ್ಳಿ. ಆ ಕಲೆ ಇನ್ನೂ ಹೋಗಿಲ್ಲ.

ಆದರೆ ಅದು ರಂಗದ ಮೇಲಿನ ಮಾತು. 1824ರಲ್ಲಿ ಕಿತ್ತೂರಿನಲ್ಲಿ ಜಗಳ ಎದ್ದದ್ದು ಕಪ್ಪಕ್ಕಲ್ಲ, ದತ್ತಕಕ್ಕೆ. ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡರು. ದತ್ತು ತಗೊಂಡ ಹುಡುಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಬೀಗಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಅವನೇ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ದತ್ತು ಹುಡುಗನ ಹಕ್ಕಿಗೆ ನಿಂತ ಹೆಂಗಸಿನ ಈ ಕತೆಗೆ ಡೈಲಾಗ್ ಬೇಕಾ? ಚೆನ್ನಮ್ಮನ ಚಿತ್ರ ಬರೆದು, ಕೆಳಗೆ 'ಕಿತ್ತೂರು, 23 ಅಕ್ಟೋಬರ್ 1824' ಅಂತಷ್ಟೇ ಹಾಕುತ್ತೇನೆ. ಕಪ್ಪದ ಮಾತನ್ನು ಮಕ್ಕಳು ಸ್ಟೇಜ್ ಮೇಲೆ ಜೋರಾಗಿ ಹೇಳಲಿ. ಕತ್ತಿಯ ಬಣ್ಣ ಒಣಗಿದೆಯಾ ಅಂತ ಮಾತ್ರ ನೋಡಿಕೋ.

ಇನ್ನು ಲಕ್ಕಮ್ಮ. ಅವಳ ಸಾಲು ನಿನ್ನ ಪಟ್ಟಿಯಲ್ಲಿ ಇಲ್ಲ, ನಾನೇ ಸೇರಿಸುತ್ತಿದ್ದೇನೆ. ಬಿಸಿಯೂಟದ ಅಡುಗೆ ಕೋಣೆಯ ಹೊರಗೋಡೆಗೆ ಬರೆಯೋಣ ಅಂತ ಮೊದಲು ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅದು ತಪ್ಪಾಗುತ್ತೆ. ಎರಡನೇ ಸಲ ಅನ್ನ ಕೇಳಿದ ಮಗುವಿಗೆ ಯಾರಾದರೂ 'ಈಸಕ್ಕಿಯಾಸೆ ನಿಮಗೇಕೆ' ತೋರಿಸಿ ಕಳಿಸಿಬಿಟ್ಟಾರು. ಅದಕ್ಕೇ ಅಕ್ಕಿ ಮೂಟೆ ಇಡುವ ಕೋಣೆಯ ಒಳಗೆ, ತೂಕ ಮಾಡುವವರ ಕಣ್ಣಿಗೆ ಬೀಳುವ ಕಡೆ ಬರೆಯುತ್ತೇನೆ. ಹೆಡ್‌ಮಾಸ್ಟರ್ ಹತ್ತಿರ ಈಗಲೇ ಕೇಳಿಟ್ಟಿರು. ಮಾರಯ್ಯ, ಲಕ್ಕಮ್ಮ ಯಾರು ಅಂದರೆ, ಈ ಊರ ಪಕ್ಕದವರು ಅನ್ನು.

ಗೋಡೆಯ ಉದ್ದ ಅಗಲ ಅಡಿ ಲೆಕ್ಕದಲ್ಲಿ ಬರೆದು ಕಳಿಸು. ಏಣಿ ಇದೆಯಾ ನೋಡು. ಬ್ರಷ್, ದಾರ, ಸೀಮೆಸುಣ್ಣ ನಾನು ತರುತ್ತೇನೆ. ಅಮ್ಮ ಚಟ್ನಿಪುಡಿ ಎರಡು ಡಬ್ಬಿ ಕಟ್ಟಿಟ್ಟಿದ್ದಾಳೆ. ಒಂದು ನಿನಗೆ, ಒಂದು ನಿನ್ನ ಪಕ್ಕದ ಮನೆಯವರಿಗಂತೆ.

ನಿನ್ನ,
ಅಪ್ಪ